ಗುಲಾಬಿ ಈರುಳ್ಳಿ ಇಡುವ ಮುನ್ನ: ರಫ್ತು ಆದೇಶದ ಪೆಟ್ಟು ಹೇಗೆ ಬೀಳುತ್ತದೆ, ಎಲ್ಲಿ ಎಚ್ಚರ ಬೇಕು

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಈ ಸಲ ಬೆಂಗಳೂರು ಗುಲಾಬಿ ಈರುಳ್ಳಿ ಇಡೋಣ ಎಂದು ಬೀಜ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. 2023ರ ಡಿಸೆಂಬರ್ 8ರಿಂದ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನೇ ನಿಲ್ಲಿಸಿತು. ಮುನ್ನಾ ದಿನದವರೆಗೂ ಹೊಲಕ್ಕೆ ಬಂದು ದರ ಮಾತಾಡುತ್ತಿದ್ದ ಖರೀದಿದಾರರು ಮರುದಿನದಿಂದ ಫೋನ್ ಎತ್ತಲಿಲ್ಲ. ಕೀಳಲು ಬಂದಿದ್ದ ಬೆಳೆ ಹೊಲದಲ್ಲಿ, ಕಿತ್ತಿದ್ದು ಶೆಡ್ಡಿನಲ್ಲಿ ಉಳಿಯಿತು.

ದಪ್ಪ ಈರುಳ್ಳಿ ಬೆಳೆದವರಿಗೂ ಆಗ ನಷ್ಟವಾಯಿತು, ಆದರೆ ಅವರಿಗೆ ಯಶವಂತಪುರದ ಮಾರುಕಟ್ಟೆಯಾದರೂ ಇತ್ತು. ಗುಲಾಬಿ ಈರುಳ್ಳಿಗೆ ಆ ದಾರಿಯೂ ಕಿರಿದು. ಗಡ್ಡೆ ಚಿಕ್ಕದು, ಖಾರ ಜಾಸ್ತಿ, ನಮ್ಮ ಅಡುಗೆಮನೆಗಳಲ್ಲಿ ಕೇಳುವವರು ಕಡಿಮೆ. ಮಲೇಷ್ಯಾ, ಸಿಂಗಪುರ, ಶ್ರೀಲಂಕಾ ಕೊಂಡರಷ್ಟೇ ಇದಕ್ಕೆ ಬೆಲೆ. 2015ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ್ದರಿಂದ ಹೆಸರಿಗೆ ರಕ್ಷಣೆ ಬಂತು, ಮಾರಾಟಕ್ಕೆ ರಕ್ಷಣೆ ಬರಲಿಲ್ಲ. ಇದನ್ನು ಎಷ್ಟೋ ಹೊಸ ಬೆಳೆಗಾರರು ತಪ್ಪಾಗಿ ತಿಳಿದುಕೊಂಡಿದ್ದಾರೆ.

ಇಂಥ ಆದೇಶ ಅದೇ ಮೊದಲೂ ಅಲ್ಲ. 2019ರ ಸೆಪ್ಟೆಂಬರ್ 29ರಂದು ನಿಷೇಧ ಬಂತು; ಅಕ್ಟೋಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ಮಾತ್ರ 9,000 ಟನ್ ವಿನಾಯಿತಿ, ಅದೂ ನವೆಂಬರ್ 30ರೊಳಗೆ, ಚೆನ್ನೈ ಬಂದರಿನಿಂದ ಮಾತ್ರ. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. ಅಕ್ಟೋಬರ್ 9ಕ್ಕೆ 10,000 ಟನ್‌ಗೆ ಅವಕಾಶ, ಆಗಲೂ ಚೆನ್ನೈ. 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ ಬಿದ್ದು, ಸೆಪ್ಟೆಂಬರ್ 29ಕ್ಕೆ ಗುಲಾಬಿಗೆ ವಿನಾಯಿತಿ ಸಿಕ್ಕು, ಉಸಿರಾಡುವಷ್ಟರಲ್ಲಿ ಡಿಸೆಂಬರ್ ನಿಷೇಧ. 2024ರ ಮೇ 4ರಂದು ನಿಷೇಧ ತೆಗೆದಾಗ ಟನ್ನಿಗೆ ಕನಿಷ್ಠ 550 ಡಾಲರ್ ಬೆಲೆ, ಮೇಲೆ ಶೇ 40 ಸುಂಕ. ಅಂದರೆ ಟನ್ನಿಗೆ ಕಡಿಮೆಯೆಂದರೂ 220 ಡಾಲರ್ ಸುಂಕಕ್ಕೇ ಹೋಗುತ್ತಿತ್ತು. ಆ ಹಣವನ್ನು ಹೊರದೇಶದವನು ಕೊಡದಿದ್ದರೆ ರಫ್ತುದಾರ ರೈತನ ದರದಲ್ಲೇ ಮುರಿಯುತ್ತಾನೆ. ಮೇ ಕೊನೆಗೆ ಗುಲಾಬಿಗೆ ಮತ್ತೆ ಸುಂಕ ವಿನಾಯಿತಿ ಬಂತು. 2025ರ ಏಪ್ರಿಲ್ 1ರಿಂದ ಎಲ್ಲ ಈರುಳ್ಳಿಯ ಸುಂಕವೂ ಹೋಯಿತು. ಹೋಯಿತೆಂದು ನೆಮ್ಮದಿಯಿಂದ ಇರುವ ಹಾಗಿಲ್ಲ. ಬಿತ್ತನೆಯಿಂದ ಕೀಳುವವರೆಗೆ ನಮಗೆ ಮೂರೂವರೆ, ನಾಲ್ಕು ತಿಂಗಳು ಬೇಕು. ಅಧಿಸೂಚನೆಗೆ ಒಂದು ಸಂಜೆ ಸಾಕು.

ವಿನಾಯಿತಿ ಸಿಕ್ಕಿತು ಎಂಬ ಸುದ್ದಿ ಕೇಳಿ ಕೂಡಲೇ ಲೋಡ್ ಮಾಡಿಸುವುದು ಇನ್ನೊಂದು ಅಪಾಯ. ಹಿಂದೆ ವಿನಾಯಿತಿ ಕೊಟ್ಟಾಗ, ಇವು ಗುಲಾಬಿ ಈರುಳ್ಳಿಯೇ, ಇಷ್ಟೇ ತೂಕ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕಿತ್ತು. ಅದಿಲ್ಲದೆ ವಿನಾಯಿತಿ ಅನ್ವಯಿಸುತ್ತಿರಲಿಲ್ಲ. ಇದರ ಜೊತೆಗೆ ಮಾಲಿನಲ್ಲಿ ಕೀಟ, ರೋಗ ಇಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ. ಮತ್ತೆ ಅಂಥ ವಿನಾಯಿತಿಯಡಿ ಮಾಲು ಹೋಗುವುದಾದರೆ, ನಿಮ್ಮ ಮಾಲಿಗೆ ಪ್ರಮಾಣಪತ್ರಕ್ಕೆ ಅರ್ಜಿ ಬಿದ್ದಿದೆಯೇ, ಪ್ರತಿ ಎಲ್ಲಿದೆ ಎಂದು ಖರೀದಿದಾರರನ್ನು ಕೇಳಿ. ತೋರಿಸದವರ ಲಾರಿಗೆ ಚೀಲ ಏರಿಸಬೇಡಿ.

ನಿಷೇಧ ಬಂದರೂ ಹೊರಟ ಮಾಲಿಗೆ ತೊಂದರೆಯಿಲ್ಲ ಎಂಬ ಮಾತು ಮಂಡಿಗಳಲ್ಲಿ ಓಡಾಡುತ್ತದೆ, ನಂಬಬೇಡಿ. ಡಿಸೆಂಬರ್ 2023ರ ಆದೇಶದಲ್ಲಿ ನಿಷೇಧದಿಂದ ಪಾರಾದದ್ದು ಹಡಗಿಗೆ ಲೋಡಿಂಗ್ ಶುರುವಾಗಿದ್ದ, ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ದಾಖಲೆ) ಸಲ್ಲಿಸಿ ಹಡಗು ಬಂದರಿಗೆ ಬಂದಿದ್ದ, ಇಲ್ಲವೇ ಕಸ್ಟಮ್ಸ್ ಕೈಗೆ ಒಪ್ಪಿಸಿದ್ದ ಮಾಲು ಮಾತ್ರ. ದಾರಿಯಲ್ಲಿರುವ ಲಾರಿಗೆ, ಶೆಡ್ಡಿನ ರಾಶಿಗೆ ಯಾವ ರಕ್ಷಣೆಯೂ ಇರಲಿಲ್ಲ.

ಹೊಲದಲ್ಲಿ ಆಗುವ ತಪ್ಪೂ ಕಡಿಮೆಯಲ್ಲ. ಕೇಳುವ ಗಾತ್ರ ಸುಮಾರು 2.5ರಿಂದ 3.5 ಸೆಂ.ಮೀ. ತೂಕ ಬರಲಿ ಎಂದು ಸಾಲು ಅಗಲ ಮಾಡಿ, ಯೂರಿಯಾ ಸುರಿದರೆ ಗಡ್ಡೆ ಉಬ್ಬುತ್ತದೆ, ಕುತ್ತಿಗೆ ದಪ್ಪವಾಗುತ್ತದೆ. ಅದು ರಫ್ತಿಗೂ ಆಗದು, ದಪ್ಪ ಈರುಳ್ಳಿಯ ಸಾಲಿಗೂ ಸೇರದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಬಿಂದು ಈ ಗಾತ್ರಕ್ಕೆಂದೇ ಬಂದ ತಳಿ. ಬೀಜ ಯಾರಿಂದ ತಂದರೂ ಹೋದ ವರ್ಷದ್ದು ಬೇಡ, ಈರುಳ್ಳಿ ಬೀಜದ ಮೊಳಕೆ ಬೇಗ ಕುಸಿಯುತ್ತದೆ. ಥ್ರಿಪ್ಸ್ (ಎಲೆಯ ರಸ ಹೀರುವ ಸಣ್ಣ ಕೀಟ) ಹೆದರಿಕೆಗೆ ಕೀಳುವ ವಾರದಲ್ಲಿ ಔಷಧಿ ಹೊಡೆದರೆ ಔಷಧಿ ಉಳಿಕೆಯ ಪರೀಕ್ಷೆಯಲ್ಲಿ ಇಡೀ ಲೋಡ್ ಬೀಳಬಹುದು; ಲೇಬಲ್ಲಿನಲ್ಲಿ ಬರೆದ ಕಾಯುವ ದಿನಗಳನ್ನು ಪಾಲಿಸಿ, ಹೊಡೆದ ದಿನಾಂಕ ಬರೆದಿಡಿ.

ಬೆಲೆ ಏರಲಿ ಎಂದು ಬೆಳೆಯನ್ನು ನೆಲದಲ್ಲೇ ಬಿಡುವುದೂ ನಷ್ಟವೇ. ಮಳೆ ಬಿದ್ದರೆ ಗಡ್ಡೆ ಮತ್ತೆ ಬೇರು ಬಿಡುತ್ತದೆ, ಬಣ್ಣ ಕೆಡುತ್ತದೆ. ಕೀಳುವುದಕ್ಕೆ 10–15 ದಿನ ಮೊದಲು ನೀರು ನಿಲ್ಲಿಸಿ, ಅರ್ಧದಷ್ಟು ಗಿಡಗಳ ಎಲೆ ಬಾಗಿದಾಗ ಕಿತ್ತು, ಎಲೆಯೇ ಗಡ್ಡೆಗೆ ನೆರಳಾಗುವಂತೆ ಸಾಲಿನಲ್ಲಿ ಒಣಗಿಸಿ, 2–2.5 ಸೆಂ.ಮೀ. ಕುತ್ತಿಗೆ ಬಿಟ್ಟು ಕತ್ತರಿಸಿ.

ಖರೀದಿದಾರರ ಜೊತೆ ಕಾಗದದಲ್ಲೇ ಮಾತಾಗಲಿ: ದರ, ಗಾತ್ರ, ತೂಕ ಯಾವ ಕಾಟಾದಲ್ಲಿ, ಜೋಡುಗಡ್ಡೆ ತೆಗೆಯುವುದು ಹೊಲದಲ್ಲೋ ಶೆಡ್ಡಿನಲ್ಲೋ, ಹಣ ಎಷ್ಟು ದಿನಕ್ಕೆ, ನಿಷೇಧ ಅಥವಾ ಸುಂಕ ಬಂದರೆ ಮುಂಗಡ ಯಾರದ್ದು. ಈ ಕೊನೆಯ ಷರತ್ತಿಗೆ ಒಪ್ಪದವರಿಗೆ ಇಡೀ ಹೊಲ ಮೀಸಲಿಡಬೇಡಿ. ಮೊದಲ ಬಾರಿ ಇಡುವವರು ಅರ್ಧ ಎಕರೆಗೆ ನಿಲ್ಲಿಸಿ, ಉಳಿದದ್ದರಲ್ಲಿ ಊರ ಸಂತೆಗೇ ಹೋಗುವ ತರಕಾರಿ ಹಾಕಿ.