ಅಗ್ಗದ ರಾಗಿ, ನುಚ್ಚು ಅಂತ ಕೋಳಿಗೆ ಸುರಿಯೋ ಮುಂಚೆ

ಹೋದ ಮಳೆಗಾಲದಲ್ಲಿ ಮುಸುಕಿನ ಜೋಳದ ರೇಟು ಏರಿತು. ಮದ್ದೂರಿನ ಹತ್ತಿರ ನಮ್ಮದು 500 ಬ್ರಾಯ್ಲರ್ ಕೋಳಿಗಳ ಸಣ್ಣ ಶೆಡ್ಡು, ಫೀಡು ನಾವೇ ಅರೆಸಿ ಹಾಕುತ್ತೇವೆ. ಕಾಳು ತಂದುಕೊಡುವ ದಲ್ಲಾಳಿ, "ಸುಮ್ನೆ ಯಾಕಣ್ಣ ದುಡ್ಡು ಸುರೀತೀರ? ಜೋಳದ ಬದಲು ರಾಗಿ, ನುಚ್ಚು ಅರ್ಧರ್ಧ ಹಾಕಿ. ಕೋಳಿಗೇನು ಗೊತ್ತಾಗುತ್ತೆ?" ಅಂದ. ಮಂಡ್ಯ ಸೀಮೆಯಲ್ಲಿ ಅಕ್ಕಿ ನುಚ್ಚಿಗೇನು ಬರ? ಒಪ್ಪಿಬಿಟ್ಟೆ. ಪ್ರೋಟೀನಿಗೆ ಅಂತ ಹಾಕುವ ಸೋಯಾ ಹಿಂಡಿ ಮಾತ್ರ ಮೊದಲಿನಷ್ಟೇ ಹಾಕಿದೆ. ಅಲ್ಲೇ ಎಡವಿದ್ದು.

ಮುಸುಕಿನ ಜೋಳದಲ್ಲಿ ಪ್ರೋಟೀನು ನೂರಕ್ಕೆ ಸುಮಾರು 9 ಇದ್ದರೆ ರಾಗಿಯಲ್ಲಿ 7. ಶಕ್ತಿಯೂ ಕಡಿಮೆ, ನಾರು ಜಾಸ್ತಿ. ಮಿಲ್ಲಿನವನು ರಾಗಿಯನ್ನ ಮುದ್ದೆ ಹಿಟ್ಟಿನ ಹಾಗೆ ನುಣ್ಣಗೆ ಬೀಸಿದ್ದ. ನೀರು ಕುಡಿದು ಬಂದು ತಿಂದರೆ ಕೊಕ್ಕಿನ ತುದಿಗೆ ಮೆತ್ತಿ ಗಟ್ಟಿಯಾಗೋದು. ಉಗುರಲ್ಲಿ ಕೆರೆದು ತೆಗೆಯಬೇಕಿತ್ತು, ನೀರಿನ ತಟ್ಟೆಯೆಲ್ಲ ಅಂಬಲಿ. ನುಚ್ಚಿನಲ್ಲಿ ಹಳದಿ ಬಣ್ಣದ ಅಂಶವೇ ಇಲ್ಲವಲ್ಲ, ಕಾಲು ಬಿಳಿಚಿಕೊಂಡವು. ಅಂಗಡಿಯವರು "ಕಾಯಿಲೆ ಕೋಳಿನಾ?" ಅಂತ ಕೇಳಿದರು. 42 ದಿನಕ್ಕೆ 2 ಕೆಜಿ ದಾಟಬೇಕಾದವು ಒಂದೂವರೆಗೇ ನಿಂತವು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಮುಂದಿನ ಬ್ಯಾಚಿಗೆ ಬಂದ ನುಚ್ಚಿನ ಮೂಟೆಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಉಂಡೆ ಉಂಡೆ, ಮುರಿದರೆ ಹಸಿರು ಬೂಷ್ಟು, ಮುಗ್ಗಲು ವಾಸನೆ. ಹೆಂಡತಿ ಬೇಡ ಅಂದಳು. ನಾನು ಎರಡು ದಿನ ಬಿಸಿಲಿಗೆ ಹರಡಿ ಹಾಕಿಯೇಬಿಟ್ಟೆ. ಬಿಸಿಲಿಗೆ ತೇವ ಹೋಗುತ್ತೆ, ವಿಷ ಹೋಗಲ್ಲ. ಎರಡು ವಾರದಲ್ಲಿ 60 ಕೋಳಿ ಸತ್ತವು. ಪಶುವೈದ್ಯರು ಒಂದನ್ನ ಕೊಯ್ದು ತೋರಿಸಿದರು. ಈಲಿ ಹಳದಿಯಾಗಿ, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್ ಅಂದರು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿ ಸತ್ತಿದ್ದು ಕಡಲೆಕಾಯಿ ಹಿಂಡಿಯಲ್ಲಿದ್ದ ಇದೇ ವಿಷದಿಂದಂತೆ.

ಬೇರೆ ಕಾಳು ಹಾಕಲೇಬಾರದು ಅಂತಲ್ಲ. ಸಜ್ಜೆಯಲ್ಲಿ ಜೋಳಕ್ಕಿಂತ ಪ್ರೋಟೀನು ಜಾಸ್ತಿಯೇ ಇದೆ. ಆದರೆ ಒಂದೇ ಸಲ ಬದಲಿಸಬೇಡಿ. ಕಾಳು ಬದಲಾದರೆ ಹಿಂಡಿಯ ಲೆಕ್ಕವನ್ನೂ ತಿಳಿದವರ ಹತ್ತಿರ ಹೊಸದಾಗಿ ಹಾಕಿಸಿ, ತರಿಯಾಗಿ ಒಡೆಸಿ. ಮೂಟೆಯ ಬಾಯಿ ನೋಡಿ ದುಡ್ಡು ಕೊಡಬೇಡಿ, ನಡುವಿಗೆ ಕೈ ಹಾಕಿ ನೋಡಿ. ತೇವ ನೂರಕ್ಕೆ 13 ದಾಟಿದ್ದರೆ ಅದೇ ಗಾಡೀಲಿ ವಾಪಸ್ ಕಳಿಸಿ.

ದಲ್ಲಾಳಿ ಈಗ ಫೋನ್ ಎತ್ತುತ್ತಿಲ್ಲ. ಉಳಿದ ನಾಲ್ಕು ಮೂಟೆಯನ್ನ ಹಸುವಿಗೆ ಹಾಕಿ ಅಂದರು ಪಕ್ಕದ ಮನೆಯವರು. ಆ ವಿಷ ಹಾಲಿಗೂ ಇಳಿಯುತ್ತೆ. ಗುಂಡಿ ತೋಡಿ ಹೂತೆ.