ಮಾಥೇರಾನ್ ರೈಲು, ನೀಲಗಿರಿ ರೈಲು: ಬೆಳಗಾವಿಯಿಂದ ಹೊರಡುವವರಿಗೆ ಯಾವುದು?

ಎರಡು ವರ್ಷಗಳ ಅಂತರದಲ್ಲಿ ಅವ್ವ, ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ನಾನು ಎರಡು ಬೆಟ್ಟದ ರೈಲುಗಳನ್ನು ಹತ್ತಿದ್ದೇನೆ: ಮೊದಲು ಮಹಾರಾಷ್ಟ್ರದ ನೇರಳ್–ಮಾಥೇರಾನ್, ಆಮೇಲೆ ಮೆಟ್ಟುಪಾಳ್ಯಂ–ಊಟಿ. ಇನ್ನೊಮ್ಮೆ ಹೋಗುವುದಾದರೆ ನೀಲಗಿರಿಗೇ ಹೋಗುತ್ತೇನೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು; ಆ ಪಕ್ಷಪಾತ ಮುಂದೆ ಹೇಗಿದ್ದರೂ ಇಣುಕುತ್ತದೆ.

ಬೆಳಗಾವಿಯವರಿಗೆ ಹತ್ತಿರವಿರುವುದು ಮಾಥೇರಾನ್. ರಾತ್ರಿ ರೈಲಿನಲ್ಲಿ ಪುಣೆ, ಅಲ್ಲಿಂದ ಕರ್ಜತ್, ಮುಂದೆ ಲೋಕಲ್ ಹಿಡಿದರೆ ನೇರಳ್. ಆದರೆ ಬೆಟ್ಟದ ರೈಲಿನ ಟಿಕೆಟ್ಟನ್ನು ಮನೆಯಿಂದಲೇ ಕಾಯ್ದಿರಿಸುವಂತಿರಲಿಲ್ಲ, ಅಲ್ಲಿಯೇ ಸರದಿಯಲ್ಲಿ ನಿಲ್ಲಬೇಕಿತ್ತು. ಕರ್ಜತ್‌ನ ವಡಾಪಾವ್ ತಿನ್ನುತ್ತ ಒಂದು ಲೋಕಲ್ ಬಿಟ್ಟಿದ್ದು ನಮ್ಮದೇ ತಪ್ಪು. ನೇರಳ್ ಮುಟ್ಟುವಷ್ಟರಲ್ಲಿ ಟಿಕೆಟ್ ಮುಗಿದಿದ್ದವು. ಟ್ಯಾಕ್ಸಿ ಮಾಡಿಕೊಂಡು ದಸ್ತೂರಿ ನಾಕಾಕ್ಕೆ ಏರಿದೆವು.

ಪೇಚಾಟ ಶುರುವಾದದ್ದು ಅಲ್ಲಿ. ಮಾಥೇರಾನ್ ಊರಿನೊಳಗೆ ಟ್ಯಾಕ್ಸಿಗಳು ಹೋಗುವಂತಿಲ್ಲ. ಅಮನ್ ಲಾಡ್ಜ್ ನಿಲ್ದಾಣದ ಶಟಲ್ ರೈಲಿಗೆ ಕಾಯುವ ತಾಳ್ಮೆ ಮಕ್ಕಳಿಗಿರಲಿಲ್ಲವಾದ್ದರಿಂದ ಗಾಲಿಯ ದೊಡ್ಡ ಸೂಟ್‌ಕೇಸನ್ನು ಎಳೆಯುತ್ತ ನಡೆದೇ ಹೊರಟೆವು. ದಾರಿಯ ಕೆಂಪು ಮಣ್ಣಿನ ಪುಡಿ ಗಾಲಿಗಳ ಸಂದಿಯಲ್ಲಿ ಹೊಕ್ಕು, ಒಂದು ಫರ್ಲಾಂಗು ದಾಟುವುದರೊಳಗೆ ಎಡಗಡೆಯ ಗಾಲಿ ತಿರುಗುವುದನ್ನೇ ಬಿಟ್ಟು ನೆಲದಲ್ಲಿ ಗೆರೆ ಕೊರೆಯತೊಡಗಿತು. ಮಗ ಅಜ್ಜಿಯ ತುರುಬಿನ ಪಿನ್ನು ಕಿತ್ತು ಮಣ್ಣು ಕೆದರಿದ. ಪಿನ್ನು ಮುರಿಯಿತು, ಗಾಲಿ ಕದಲಲಿಲ್ಲ.

ಕೊನೆಗೆ ಒಬ್ಬ ಹಮಾಲ ಅದನ್ನು ತಲೆಯ ಮೇಲಿಟ್ಟುಕೊಂಡು ನಮಗಿಂತ ಮುಂದೆ ಸಾಗಿದ. ಕುದುರೆ ಹತ್ತಲು ಒಪ್ಪದ ಅವ್ವ ಮರಗಳಡಿಯಲ್ಲಿ ಕುಳಿತೇಳುತ್ತ ನಡೆದಳು. ‘ಇಲ್ಲಿಗಿ ಗಂಟು ಕಟಗೊಂಡು ಬರಬೇಕಪಾ, ಪೆಟಿಗಿ ಅಲ್ಲ’ ಎಂದು ಅವಳು ಅಂದದ್ದು ಸರಿಯಾಗಿಯೇ ಇತ್ತು.

ಮರುದಿನ ಬೇಗನೆ ಸರದಿಯಲ್ಲಿ ನಿಂತು ಇಳಿಯುವ ರೈಲು ಹತ್ತಿದೆವು. ಹಳಿಗಳ ನಡುವಿನ ಅಂತರ ಬರೀ 610 ಮಿಲಿಮೀಟರ್ ಆದ್ದರಿಂದ ಡಬ್ಬಿಯೂ ಕಿರಿದು. ಸೂಟ್‌ಕೇಸು ನನ್ನ ತೊಡೆಯ ಮೇಲೆಯೇ ಕುಳಿತು 21 ಕಿಲೋಮೀಟರ್ ಇಳಿಯಿತು. ಇರುವ ಒಂದೇ ಸುರಂಗ ಮಕ್ಕಳು ಕಿರುಚಲು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ತಿರುವುಗಳು ಮಾತ್ರ ಸೊಗಸಾಗಿವೆ.

ನೀಲಗಿರಿಯ ಟಿಕೆಟ್ಟನ್ನು ಬೆಳಗಾವಿಯ ಮನೆಯಲ್ಲಿ ಕುಳಿತೇ ಕಾಯ್ದಿರಿಸಿದೆ. ನನ್ನಂಥವನಿಗೆ ಅರ್ಧ ಸಮಾಧಾನ ಅಲ್ಲಿಯೇ ಸಿಕ್ಕಿತು. ಮೆಟ್ಟುಪಾಳ್ಯಂನಿಂದ ಬೆಳಿಗ್ಗೆ 7:10ಕ್ಕೆ ಹೊರಡುವ ಈ ರೈಲನ್ನು ಉಗಿಬಂಡಿ ಕೂನೂರಿನವರೆಗೆ ಹಿಂದಿನಿಂದ ತಳ್ಳುತ್ತದೆ, ಆದ್ದರಿಂದ ಮುಂದಿನ ಡಬ್ಬಿಯವರಿಗೆ ದಾರಿ ತೆರೆದೇ ಇರುತ್ತದೆ. ಕಲ್ಲಾರ್ ದಾಟಿದ ಮೇಲೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಗಳು ಶುರುವಾಗುತ್ತವೆ. ಎಂಜಿನ್ನಿನ ಹಲ್ಲುಚಕ್ರ ಅವುಗಳನ್ನು ಕಚ್ಚಿಕೊಂಡು, 12 ಅಡಿಗೆ ಒಂದು ಅಡಿಯಂತೆ ಏರುವ ದಾರಿಯಲ್ಲಿ ಜಾರದೆ ಮೇಲೇರುತ್ತದೆ. ಎಂಜಿನ್ ನೀರು ಕುಡಿಯಲು ನಿಂತಲ್ಲೆಲ್ಲ ಮಗ ಇಳಿದು ಆ ಹಲ್ಲುಗಳನ್ನು ಎಣಿಸಲು ಹೋಗುತ್ತಿದ್ದ. 46 ಕಿಲೋಮೀಟರಿಗೆ ಸುಮಾರು ಐದು ಗಂಟೆ ಹಿಡಿಯುತ್ತದೆ, ಮೊಣಕಾಲಿನ ನೋವಿರುವವರಿಗೆ ಇದು ಹೆಚ್ಚೇ. ಕೂನೂರಿನಿಂದ ಮುಂದೆ ಡೀಸೆಲ್ ಎಂಜಿನ್.

ಖರ್ಚು ಮಾತ್ರ ಹೆಚ್ಚೂಕಡಿಮೆ ದುಪ್ಪಟ್ಟಾಯಿತು: ಬೆಂಗಳೂರಿಗೊಂದು ರಾತ್ರಿ, ಕೊಯಮತ್ತೂರಿನಲ್ಲೊಂದು ವಸತಿ, ಹಿಂದಿರುಗುವಾಗ ಮತ್ತೆ ಅಷ್ಟೇ. ಶನಿವಾರ, ರವಿವಾರದ ರಜೆಯಷ್ಟೇ ಇರುವವರು ಮಳೆಗಾಲ ಬಿಟ್ಟು ಮಾಥೇರಾನಿಗೇ ಹೋಗಲಿ, ಏಕೆಂದರೆ ಮಳೆಯಲ್ಲಿ ನೇರಳ್‌ನಿಂದ ಅಮನ್ ಲಾಡ್ಜ್‌ವರೆಗೆ ರೈಲು ಓಡುವುದಿಲ್ಲ. ನೀಲಗಿರಿಯಲ್ಲೂ ಹಿಂಗಾರಿನ ಹೊತ್ತಿಗೆ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ವರ್ಷಕ್ಕೊಂದೇ ಪ್ರವಾಸ, ಅದೂ ಬೇಸಿಗೆ ರಜೆಯಲ್ಲಿ, ಎಲ್ಲ ಟಿಕೆಟ್ಟುಗಳೂ ಕೈಯಲ್ಲಿದ್ದರೆ ಮಾತ್ರ ಹೊರಡುವ ನಮ್ಮ ಮನೆಗೆ ನೀಲಗಿರಿಯೇ ಹೊಂದುತ್ತದೆ. ಊಟಿಗೆ ನಾವು ಒಯ್ದದ್ದು ಎರಡು ಕೈಚೀಲ ಮತ್ತು ಅವ್ವನ ರೊಟ್ಟಿಯ ಗಂಟು.