ಟ್ಯೂಬಾಗೆ ಹೊಸ ಎಟ್ಯೂಡ್ ಪುಸ್ತಕಗಳು: ಒಂದು ವರ್ಷ ನುಡಿಸಿ ನೋಡಿದ ಮೇಲೆ

ಟ್ಯೂಬಾದಲ್ಲಿ (ತೀರಾ ಆಳದ ಸ್ವರದ ದೊಡ್ಡ ಹಿತ್ತಾಳೆ ವಾದ್ಯ) ಕೊಪ್ರಾಷ್ ಪುಸ್ತಕದ ಒಂದು ಎಟ್ಯೂಡ್, ಅಂದರೆ ಅಭ್ಯಾಸಕ್ಕೆಂದು ಬರೆದ ತುಣುಕು, ನುಡಿಸುತ್ತಿದ್ದಾಗ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ದೀಪ ಆರಿಹೋಯಿತು. ಪುಟ ಕಾಣಲಿಲ್ಲ. ಬೆರಳು ಮಾತ್ರ ನಿಲ್ಲಲಿಲ್ಲ, ಕೊನೆಯ ಬಾರ್ (ತಾಳದ ಒಂದು ಸುತ್ತು) ಮುಟ್ಟಿಯೇ ಬಿಟ್ಟಿತು. ಒಂದು ತಪ್ಪೂ ಇಲ್ಲ. ಮೊದಲು ಖುಷಿಯಾಯಿತು, ಆಮೇಲೆ ಕಸಿವಿಸಿ. ಎಷ್ಟೋ ತಿಂಗಳಿಂದ ನಾನು ಆ ಪುಟವನ್ನು ಓದುತ್ತಲೇ ಇರಲಿಲ್ಲ ಅನ್ನುವುದು ಆವತ್ತು ಗೊತ್ತಾಯಿತು. ಅದೇ ವಾರ ರಿಹರ್ಸಲ್‌ನಲ್ಲಿ ಹೊಸ ಪಾರ್ಟ್ (ನನ್ನ ವಾದ್ಯಕ್ಕೆ ಬರೆದ ಹಾಳೆ) ಕೈಗೆ ಬಂದಾಗ ಎರಡನೇ ಸಾಲಿನಲ್ಲೇ ತಡವರಿಸಿದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದ ಮೇಲೆ ಹೊಸ ಪುಸ್ತಕ ಹುಡುಕಲು ಶುರು ಮಾಡಿದೆ.

ನನ್ನ ಹಳೆಯ ಪುಸ್ತಕಗಳು ಟ್ಯೂಬಾ ಕಲಿಯುವವರಿಗೆಲ್ಲ ಗೊತ್ತಿರುವ ಮೂರು: ಕೊಪ್ರಾಷ್‌ನ 60 ಸ್ಟಡೀಸ್, ಬೊರ್ಡೋನಿಯ 43 ಬೆಲ್ ಕ್ಯಾಂಟೊ ಸ್ಟಡೀಸ್, ಬ್ಲಾಜೆವಿಚ್‌ನ 70 ಸ್ಟಡೀಸ್. ಮೂರೂ ಒಳ್ಳೆಯವೇ. ಆದರೆ ಇವು ಹುಟ್ಟಿದ್ದು ಎಲ್ಲಿ ಅಂತ ನೋಡಿ. ಕೊಪ್ರಾಷ್ ಬರೆದದ್ದು ಹಾರ್ನ್ ಎಂಬ ಇನ್ನೊಂದು ಹಿತ್ತಾಳೆ ವಾದ್ಯಕ್ಕೆ. ಬೊರ್ಡೋನಿ (1789–1856) ಇಟಲಿಯ ಟೆನರ್ ಗಾಯಕ, ಅವನು ಬರೆದದ್ದು ಹಾಡುವವರಿಗೆ. ಅವನ್ನು ಟ್ರೊಂಬೋನ್ ಎಂಬ ಹಿತ್ತಾಳೆ ವಾದ್ಯಕ್ಕೆ ಇಳಿಸಿದವನು ಜೊಆನ್ನೆಸ್ ರೋಶು, 1928ರಲ್ಲಿ. ಟ್ಯೂಬಾಗೆ ಅಳವಡಿಸಿದವನು ಚೆಸ್ಟರ್ ರಾಬರ್ಟ್ಸ್. ಬ್ಲಾಜೆವಿಚ್ ಟ್ಯೂಬಾಗೆಂದೇ ಬರೆದರೂ ಅವನ ಸ್ವಂತ ವಾದ್ಯ ಟ್ರೊಂಬೋನ್. ಟ್ಯೂಬಾಗೆ ಪೇಟೆಂಟ್ ಸಿಕ್ಕಿದ್ದೇ 1835ರಲ್ಲಿ, ಪ್ರಷ್ಯಾದಲ್ಲಿ. ವಾದ್ಯಕ್ಕೆ ಇನ್ನೂ ಎರಡು ಶತಮಾನ ತುಂಬಿಲ್ಲ. ಹಾಗಾಗಿ ನಮ್ಮ ಪುಸ್ತಕದ ಕಪಾಟಿನಲ್ಲಿ ಅರ್ಧಕ್ಕರ್ಧ ಎರವಲು ತಂದದ್ದು.

ಎರವಲು ತಂದದ್ದರಲ್ಲಿ ತೊಂದರೆ ಸ್ವರದ್ದಲ್ಲ, ಉಸಿರಿನದ್ದು. ಬಿ ಫ್ಲ್ಯಾಟ್ ಟ್ಯೂಬಾದ ಕೊಳವೆ ಬಿಚ್ಚಿ ಹಾಸಿದರೆ ಸುಮಾರು 18 ಅಡಿ. ಅಷ್ಟುದ್ದದ ಗಾಳಿಯನ್ನು ಕಂಪಿಸಬೇಕು, ಕೆಳಗೆ ಇಳಿದಷ್ಟೂ ಗಾಳಿ ಹೆಚ್ಚು ಬೇಡುತ್ತದೆ. ಗಾಯಕ ಒಂದೇ ಉಸಿರಿನಲ್ಲಿ ಹಾಡಿ ಮುಗಿಸುವ ಎಂಟು ಬಾರ್‌ನ ಫ್ರೇಸನ್ನು (ಸಂಗೀತದ ಒಂದು ವಾಕ್ಯ) ನಾನು ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗೆ ನುಡಿಸಲು ಹೋದರೆ ಐದನೇ ಬಾರ್‌ಗೇ ಪಕ್ಕೆಲುಬು ಒಳಗೆ ಸೆಳೆದುಕೊಳ್ಳುತ್ತದೆ, ಸ್ವರದ ಅಂಚು ಮಂಕಾಗುತ್ತದೆ. ಶಿಕಾಗೋ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್‌ರ ಶ್ವಾಸಕೋಶದ ಸಾಮರ್ಥ್ಯ ಸಾಧಾರಣ ಮಟ್ಟಕ್ಕಿಂತ ಕಡಿಮೆಯಿತ್ತು. ಆದರೂ ಅವರ ಫ್ರೇಸ್ ಎಲ್ಲೂ ಹರಿದಂತೆ ಕೇಳುವುದಿಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದೂ ಸಂಗೀತದ ತೀರ್ಮಾನ ಅಂತ ನಾನು ಕಲಿತದ್ದು ಅವರ ರೆಕಾರ್ಡಿಂಗ್ ಕೇಳಿಯೇ.

ಹಾಗಾಗಿ ಈಗ ಪುಸ್ತಕ ಕೊಳ್ಳುವ ಮುಂಚೆ ಒಂದು ಕೆಲಸ ಮಾಡುತ್ತೇನೆ. ಮೊದಲ ಪುಟ ಬಿಟ್ಟು ನಡುವಿನ ಒಂದು ಪುಟ ತೆರೆಯುತ್ತೇನೆ. ಮೊದಲ ಪುಟ ಯಾವ ಪುಸ್ತಕದಲ್ಲೂ ಸುಲಭವೇ. ವಾದ್ಯ ಇಲ್ಲದೆ, ತೊಡೆಯ ಮೇಲೆ ವಾಲ್ವ್ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಗುಂಡಿ) ಒತ್ತುವ ಹಾಗೆ ಬೆರಳಾಡಿಸುತ್ತಾ, ತುಟಿಯಿಂದ ಗಾಳಿ ಊದುತ್ತಾ ಆ ಪುಟ ಓದುತ್ತೇನೆ. ಎಲ್ಲಿ ಉಸಿರು ಬೇಕೆನ್ನಿಸುತ್ತದೋ ಅಲ್ಲಿ ಸಂಗೀತವೂ ಜಾಗ ಬಿಟ್ಟಿದೆಯೇ? ಬಿಟ್ಟಿದ್ದರೆ ಬರೆದವರಿಗೆ ಟ್ಯೂಬಾ ಗೊತ್ತು. ಬಿಡದಿದ್ದರೂ ಪುಸ್ತಕ ಬೇಡವೆಂದಲ್ಲ. ಆ ಕೊರತೆಗೆ ನಾನು ಸಿದ್ಧವಾಗಿ ಕೊಳ್ಳುತ್ತೇನೆ, ಅಷ್ಟೆ.

ಮೊದಲು ಕೊಂಡದ್ದು ರೆಜಿನಾಲ್ಡ್ ಫಿಂಕ್‌ರ ಸ್ಟಡೀಸ್ ಇನ್ ಲೆಗಾಟೊ, ಬಾಸ್ ಟ್ರೊಂಬೋನ್ ಮತ್ತು ಟ್ಯೂಬಾಗೆ. ಇದೂ ಕೊಂಕೋನೆ, ಮಾರ್ಕೇಸಿ, ಪನೋಫ್ಕಾ ಮೊದಲಾದ ಹಾಡುಗಾರಿಕೆಯ ಗುರುಗಳಿಂದ ಆಯ್ದದ್ದೇ. ಬೊರ್ಡೋನಿ ಇಷ್ಟಪಟ್ಟವರಿಗೆ ಅದೇ ಮನೆತನದ ಹೊಸ ಮುಖಗಳು ಸಿಕ್ಕಂತೆ. ಕಿವಿಗೆ ಹಿತ, ಬೆರಳಿಗೆ ಹೆಚ್ಚು ಕೆಲಸವಿಲ್ಲ. ನಾನು ದಿನದ ಮೊದಲ ಹದಿನೈದು ನಿಮಿಷಕ್ಕೆ ಇಟ್ಟುಕೊಂಡಿದ್ದೇನೆ.

ನನ್ನನ್ನು ಬದಲಾಯಿಸಿದ್ದು ಎರಡನೆಯದು, ಫಿಲ್ ಸ್ನೆಡೆಕರ್‌ರ ಲೋ ಎಟ್ಯೂಡ್ಸ್ ಫಾರ್ ಟ್ಯೂಬಾ. ಬರೆದವರು ಟ್ರಂಪೆಟ್ ವಾದಕರು, ಬರೆದದ್ದು ಮಾತ್ರ ನಮ್ಮ ತಳಮನೆಗೆ. ಹಳೆಯ ಪುಸ್ತಕಗಳು ಹೆಚ್ಚಾಗಿ ಮಧ್ಯದಲ್ಲೇ ಓಡಾಡಿಕೊಂಡು, ಕೆಳಗೆ ಒಮ್ಮೊಮ್ಮೆ ಇಣುಕಿ ವಾಪಸ್ ಬರುತ್ತವೆ. ಇಲ್ಲಿ ಅಲ್ಲೇ ಸಂಸಾರ ಹೂಡಬೇಕು. ಮೊದಲ ವಾರ ಲೆಡ್ಜರ್ ಗೆರೆ (ಐದು ಗೆರೆಗಳ ಕೆಳಗೆ ಸೇರಿಸುವ ಪುಟ್ಟ ಗೆರೆ) ಎಣಿಸುವುದರಲ್ಲೇ ಹೋಯಿತು. ಎರಡನೇ ವಾರ ಇನ್ನೊಂದು ಗಮನಕ್ಕೆ ಬಂತು. ಅಷ್ಟು ಕೆಳಗೆ ಎರಡು ಮೂರು ವಾಲ್ವ್ ಒಟ್ಟಿಗೆ ಒತ್ತುವಾಗ ಸ್ವರ ಏರಿ ಕೂರುತ್ತದೆ, ಯಾಕೆಂದರೆ ಒಂದೊಂದೇ ವಾಲ್ವ್‌ಗೆ ಅಳೆದ ಕೊಳವೆಯ ಉದ್ದ ಜೊತೆಯಾದಾಗ ಸಾಲದು. ಎಡಗೈಯಲ್ಲಿ ಮೊದಲ ವಾಲ್ವ್‌ನ ಸ್ಲೈಡನ್ನು (ಎಳೆದು ಉದ್ದ ಮಾಡಬಹುದಾದ ಕೊಳವೆ) ಒಂದು ಬೆರಳಿನಗಲ ಎಳೆದು ಹಿಡಿದರೆ ಸ್ವರ ತಾನಾಗಿ ಕೆಳಗಿಳಿದು ಕೂತ ಹಾಗೆ, ಕುರ್ಚಿಯ ಕಾಲಿನವರೆಗೂ ಕಂಪನ ಇಳಿಯುತ್ತದೆ. ಮಧ್ಯ ಸ್ಥಾಯಿಯಲ್ಲೇ ಉಳಿದಿದ್ದರೆ ನನ್ನ ಎಡಗೈ ಸುಮ್ಮನೆ ಇದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಆರು ತಿಂಗಳಾದ ಮೇಲೆ ಆರ್ಕೆಸ್ಟ್ರಾದ ಪಾರ್ಟ್‌ಗಳಲ್ಲಿ ಕೆಳಗಿನ ಎಫ್ ಕಂಡರೆ ಹೆದರಿಕೆಯಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಜಾಸ್ತಿ ಮಾಡಿದರೆ ತುಟಿ ಸಡಿಲವಾಗಿ ಮೇಲಿನ ಸ್ವರಗಳು ಮಸುಕಾಗುತ್ತವೆ. ಒಂದೇ ಪುಸ್ತಕ ಕೊಳ್ಳಬಲ್ಲೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ಹೊಸದೇ ಅಲ್ಲ: ಬಾಖ್‌ನ ಸೆಲ್ಲೊ ಸ್ವೀಟ್‌ಗಳು (ತುಣುಕುಗಳ ಮಾಲೆ), ಆರು. ಬಹುಪಾಲು ಬಾಸ್ ಕ್ಲೆಫ್‌ನಲ್ಲೇ (ಕೆಳಗಿನ ಸ್ವರಗಳನ್ನು ಬರೆಯುವ ಗುರುತು) ಇರುವುದರಿಂದ ಸೆಲ್ಲೊ ಪುಸ್ತಕವನ್ನೇ ಕೊಂಡೆ. ಸೆಲ್ಲೊಗೆ ಬಿಲ್ಲು ಇದೆ, ಉಸಿರಾಡುವ ಗೋಜಿಲ್ಲ. ಮೊದಲ ಸ್ವೀಟಿನ ಪ್ರೆಲ್ಯೂಡ್ 42 ಬಾರ್, ಎಲ್ಲೂ ಒಂದು ರೆಸ್ಟ್ (ಬರೆದಿಟ್ಟ ಮೌನ) ಇಲ್ಲ, ಹದಿನಾರನೇ ಸ್ವರಗಳ ಸಾಲು ನೀರಿನಂತೆ ಹರಿಯುತ್ತಲೇ ಇರುತ್ತದೆ. ಪೆನ್ಸಿಲ್ ಹಿಡಿದು ಉಸಿರಿನ ಗುರುತು ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ. ಬಾರ್ ಗೆರೆಯ ಮೇಲೆ ಉಸಿರು ತೆಗೆದರೆ ಸಾಲು ತುಂಡಾಗುತ್ತದೆ. ಬಾರಿನ ಮೊದಲ ಸ್ವರ ನುಡಿಸಿ ಅದರ ಬೆನ್ನಿಗೇ ಉಸಿರು ತೆಗೆದರೆ ಕೇಳುವವರಿಗೆ ಗೊತ್ತೇ ಆಗದು. ಇದನ್ನು ಕಂಡುಕೊಳ್ಳಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕಲಿತಷ್ಟನ್ನು ಬೇರೆ ಯಾವ ಎಟ್ಯೂಡೂ ಕಲಿಸಿರಲಿಲ್ಲ. ನಾಲ್ಕೈದು ವರ್ಷ ನುಡಿಸಿದವರು ಧಾರಾಳವಾಗಿ ಕೈಹಾಕಬಹುದು, ಹೊಸಬರಿಗೆ ಈಗಲೇ ಬೇಡ.

ನಾಲ್ಕನೆಯದರ ಹೆಸರು ಹೇಳುವುದಿಲ್ಲ. ಇತ್ತೀಚಿನ ಸಂಗ್ರಹ, ಮುಖಪುಟ ಸೊಗಸಾಗಿತ್ತು, ನಡುವಿನ ಪುಟ ನೋಡದೆ ತರಿಸಿಕೊಂಡೆ. ಬೇರೆ ವಾದ್ಯದ ಎಟ್ಯೂಡ್‌ಗಳನ್ನು ಹಾಗೆಯೇ ಕೆಳಗಿಳಿಸಿದ್ದರು. ಎಲ್ಲಿ ಸ್ವರ ತೀರಾ ಆಳಕ್ಕೆ ಹೋಗುತ್ತದೋ ಅಲ್ಲಿ ಆ ಒಂದು ಸ್ವರವನ್ನು ಮಾತ್ರ ಆಕ್ಟೇವ್ ಮೇಲೆ ಎತ್ತಿಟ್ಟಿದ್ದರು. ಇಳಿಯುತ್ತಿದ್ದ ಸ್ಕೇಲ್ ನಡುವೆ ಮೆಟ್ಟಿಲು ತಪ್ಪಿದ ಹಾಗೆ. ಅದರ ಮೇಲೆ, ವೇಗದ ಪ್ಯಾಸೇಜಿನ ಮಧ್ಯದಲ್ಲೇ ಪುಟ ತಿರುವಬೇಕು. ಎರಡೂ ಕೈ ವಾದ್ಯದ ಮೇಲಿರುವವರು ಪುಟ ತಿರುವುವುದು ಹೇಗೆ? ಎಂಟು ದಿನ ಪ್ರಯತ್ನಿಸಿ ಪಕ್ಕಕ್ಕಿಟ್ಟೆ. ಇಷ್ಟು ಕಷ್ಟಪಟ್ಟು ಕಲಿಯುವವರಿಗೆ ಇಂಥದ್ದನ್ನು ಕೊಡಬಾರದು, ಬೇಸರವಾಯಿತು.

ತರಿಸುವ ಮುಂಚೆ ಇನ್ನೊಂದು ನೋಡಿಕೊಳ್ಳಿ. ಬಾಸ್ ಕ್ಲೆಫ್ ಪುಸ್ತಕಗಳಲ್ಲಿ ಬರೆದದ್ದೇ ಕೇಳುವ ಸ್ವರ, ಆದ್ದರಿಂದ ಸಿ, ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ಯಾವ ಟ್ಯೂಬಾ ಆದರೂ ಪುಟ ಅದೇ, ಬೆರಳು ಮಾತ್ರ ಬೇರೆ. ಬ್ರಿಟಿಷ್ ಬ್ರಾಸ್ ಬ್ಯಾಂಡ್ ಪದ್ಧತಿಯಲ್ಲಿ ಕಲಿತವರು ಟ್ರೆಬಲ್ ಕ್ಲೆಫ್ (ಮೇಲಿನ ಸ್ವರಗಳ ಗುರುತು) ಟ್ರಾನ್ಸ್‌ಪೋಸ್ ಮಾಡಿ, ಅಂದರೆ ಬರೆದ ಸ್ವರವನ್ನು ಬೇರೆ ಎತ್ತರಕ್ಕೆ ಬದಲಿಸಿ, ಓದುತ್ತಾರೆ. ಅವರು ಕ್ಲೆಫ್ ನೋಡದೆ ಕೊಂಡರೆ ಪುಸ್ತಕ ಉಪಯೋಗಕ್ಕೆ ಬಾರದು. ಸ್ಪೈರಲ್ ಬೈಂಡಿಂಗ್ ಸಿಕ್ಕರೆ ಅದನ್ನೇ ಆರಿಸಿ, ಸ್ಟ್ಯಾಂಡಿನ ಮೇಲೆ ಪುಸ್ತಕ ಮುಚ್ಚಿಕೊಳ್ಳುವುದಿಲ್ಲ.

ಕೊಪ್ರಾಷ್ ಇನ್ನೂ ಸ್ಟ್ಯಾಂಡಿನ ಮೇಲಿದೆ. ವಾರಕ್ಕೆ ಎರಡು ದಿನ ಅರ್ಧ ಸ್ವರ ಕೆಳಗೆ ಟ್ರಾನ್ಸ್‌ಪೋಸ್ ಮಾಡಿ ನುಡಿಸುತ್ತೇನೆ, ಹಾರ್ನ್‌ನವರು ಅದನ್ನು ಹಾಗೆ ನುಡಿಸುವ ರೂಢಿ ಹಳೆಯದು. ಕತ್ತಲಲ್ಲಿ ಬಾಯಿಪಾಠ ಬಂದ ಅದೇ ಎಟ್ಯೂಡನ್ನು ಮೊನ್ನೆ ಹೀಗೆ ತೆಗೆದುಕೊಂಡೆ. ಮೆಟ್ರೊನೋಮ್ (ತಾಳ ಬಡಿಯುವ ಸಾಧನ) 52ಕ್ಕೆ ಇಳಿಸಿ, ಒಂದೊಂದು ಸ್ವರವನ್ನೂ ಕಣ್ಣಿಟ್ಟು ಓದಿ, ಇಪ್ಪತ್ತೈದು ನಿಮಿಷದಲ್ಲಿ ಎರಡು ಸಾಲು ಮುಗಿಸಿದೆ.